ಈಜುವ ಔಷಧಿಗೆ ಅಮ್ಮ ಕಾಯಲಿಲ್ಲ

ನಮ್ಮಮ್ಮ ಸರ್ವಮಂಗಳಮ್ಮನಿಗೆ ಯಾರಾದರೂ ‘ಸ್ವಲ್ಪ ತಾಳ್ಮೆ ಇರಲಿ’ ಎಂದರೆ ಮೈಯೆಲ್ಲ ಉರಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯನ್ನು ಗಂಡಸರ ನಡುವೆ ಕೂತು ನಡೆಸಿದವಳು ಅವಳು. ಮರ ಹೂಬಿಟ್ಟಾಗಲೇ ಹೋಗಿ ನೋಡಿ, ಆ ವರ್ಷದ ಫಸಲನ್ನು ಗುತ್ತಿಗೆ ಹಿಡಿಯುವುದು ನಮ್ಮ ಕಡೆಯ ವ್ಯಾಪಾರ. ಹೂವು ಉದುರಿದರೆ ನಷ್ಟ ಗುತ್ತಿಗೆ ಹಿಡಿದವರದೇ. ಅಮ್ಮ ಅದರಲ್ಲಿ ಗೆದ್ದಿದ್ದಾಳೆ, ಸೋತಿದ್ದಾಳೆ, ಸೋತಾಗ ನಮ್ಮ ಮೇಲೆಲ್ಲ ಹಾರಾಡಿದ್ದಾಳೆ.

ಹೋದ ವರ್ಷ ಅವಳ ಮೂತ್ರದಲ್ಲಿ ರಕ್ತ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ. ಮೂತ್ರಕೋಶದಲ್ಲಿ ಕ್ಯಾನ್ಸರ್, ಆದಷ್ಟು ಬೇಗ ಕೋಶವನ್ನೇ ತೆಗೆಯಬೇಕು ಎಂದರು. ಆಮೇಲೆ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಮೂತ್ರ ಇಳಿಯುತ್ತದೆ, ಬದುಕಿರುವವರೆಗೂ.

ಸುದ್ದಿ ಕೇಳಿ ಅಮ್ಮನ ತಮ್ಮ ರೇವಣಪ್ಪ ಮಾವ ಕಲ್ಯಾಣದುರ್ಗದಿಂದ ನಮ್ಮ ಮನೆಗೆ ಓಡಿಬಂದ. ಕ್ಯಾನ್ಸರ್ ಎಂದಾಗ ಗೊಳೋ ಎಂದು ಅತ್ತ. ಚೀಲ ಎಂದಾಗ ಅಳು ನಿಂತುಹೋಯಿತು.

“ಲಿಂಗ ಕಟ್ಟಿರೋ ಮೈಮೇಲೆ ಉಚ್ಚೆ ಚೀಲನಾ? ಅಕ್ಕ, ಪೂಜೆಗೆ ಹೆಂಗೆ ಕೂತ್ಕೊಂತೀಯ? ನೆಂಟರು ಏನಂತಾರೆ?”

ಮಾವನನ್ನು ಅಲ್ಲಿಂದಲೇ ಬಸ್ಸು ಹತ್ತಿಸಿಬಿಡೋಣ ಅನ್ನಿಸಿತು ನನಗೆ. ಆದರೆ ಅವನ ಜೊತೆ ಮಗಳು ಕೀರ್ತನಾ ಬಂದಿದ್ದಳು, ಫಾರ್ಮಸಿ ಓದುವ ಹುಡುಗಿ. ಅತ್ತೆಗೆ ಧೈರ್ಯ ತುಂಬಲು ತಾನು ಓದಿದ್ದನ್ನೆಲ್ಲ ಹೇಳತೊಡಗಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮಾಡಿದ್ದಾರಂತೆ. ಮೂತ್ರದಲ್ಲಿರುವ ಯೂರಿಯಾ ಅವಕ್ಕೆ ಇಂಧನ. ಅದರ ಬಲದಿಂದ ತಾವೇ ಈಜುತ್ತ ಹೋಗಿ ಗಡ್ಡೆಯೊಳಗೆ ಸೇರುತ್ತವೆ, ಹೊತ್ತು ತಂದ ಔಷಧಿ ಅಲ್ಲೇ ಕೆಲಸ ಮಾಡುತ್ತದೆ.

ಮಾವನ ಮುಖ ಅರಳಿತು. “ಕೇಳಿದ್ಯಾ ಅಕ್ಕ? ಒಂದೆರಡು ವರ್ಷ ತಾಳು. ಕೊಯ್ಯೋದಿಲ್ಲ, ಚೀಲ ಇಲ್ಲ. ಔಷಧಿ ಅದೇ ಈಜ್ಕೊಂಡು ಹೋಯ್ತದೆ!”

“ಅಪ್ಪಾ, ನಾನು ಕಾಯ್ಬೇಕು ಅಂದೆನಾ?” ಎಂದು ಕೀರ್ತನಾ ಗಾಬರಿಯಾದಳು.

ಅಮ್ಮ ಅವಳ ಕಡೆ ತಿರುಗಿದಳು. “ಇದನ್ನ ಯಾರಿಗೆ ಕೊಟ್ಟವ್ರೆ?”

“ಇಲಿಗೆ ಅತ್ತೆ. ಗಡ್ಡೆ ಚೆನ್ನಾಗಿ ಕುಗ್ಗೈತೆ. ಮನುಷ್ಯರಿಗೆ ಯಾವಾಗ ಬತ್ತದೋ ಯಾರೂ ಹೇಳಕ್ಕಾಗಲ್ಲ.”

ಅಮ್ಮನಿಗೂ ಆಸೆಯಾಗಿತ್ತು, ಕಣ್ಣಲ್ಲಿ ಕಂಡೆ.

“ಹೂವು ಚೆನ್ನಾಗೈತೆ ಕಣಮ್ಮ,” ಎಂದಳು. “ಹಣ್ಣಾಗೋ ಗಂಟ ನಾನಿರಲ್ಲ.”

“ಹಂಗಾದ್ರೆ ಚೀಲ ಹಾಕ್ಕೊಂಡು ನಮ್ಮನೆಗೆ ಪೂಜೆ ಪುನಸ್ಕಾರಕ್ಕೆ ಅಂತ ಬರಬೇಡ,” ಎಂದ ಮಾವ, ನೆಲ ನೋಡುತ್ತ.

“ಸಾಯೋಕೆ ಹೇಳ್ತಿದ್ದೀಯ, ಅದೂ ಮುಖ ನೋಡದೆ!” ಎಂದು ರೇಗಿ ಅಮ್ಮ ಒಳಗೆದ್ದು ಹೋದಳು. ಮಾರನೇ ದಿನ ಬೆಂಗಳೂರಿನ ಡಾಕ್ಟರಿಗೆ ತಾನೇ ಫೋನ್ ಹಚ್ಚಿದಳು. ಅವರು ಅನಂತಪುರದ ಕಡೆಯವರು. “ಆಪರೇಷನ್ ಎಪ್ಪುಡು ಸಾರ್?” ಎಂದು ತೆಲುಗಿನಲ್ಲೇ ಕೇಳಿದಳು, ಲಾರಿ ಯಾವಾಗ ಬರುತ್ತದೆ ಎಂದು ವಿಚಾರಿಸುವ ದನಿಯಲ್ಲಿ.

ಆಪರೇಷನ್ ಆಯಿತು. ಮಾವ ಬರಲಿಲ್ಲ. ಅಮ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಚೀಲ ಸೋರಿ ಸೀರೆ ಒದ್ದೆಯಾದ ದಿನ ಅತ್ತಳು, ನನ್ನನ್ನು ಬೈದಳು, ಬೇರೆ ಸೀರೆ ಉಟ್ಟಳು. ಮಂಡಿಗೆ ಹೋಗಿ ಕೂತಳು. ಪರೀಕ್ಷೆಯಲ್ಲಿ ಈ ಸಲ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಗೊತ್ತಾದ ವಾರವೇ, “ನಡೀ, ಕಲ್ಯಾಣದುರ್ಗಕ್ಕೆ ಹೋಗಿ ಬರಾನ” ಎಂದಳು.

ಮಾವನ ಮನೆಯಲ್ಲಿ ನಮ್ಮನ್ನು ಕಂಡು ಎಲ್ಲರೂ ದಂಗಾದರು. ಮಾವನ ಹೆಂಡತಿ ಹಿತ್ತಿಲ ಬಾಗಿಲ ಹತ್ತಿರ ಚಾಪೆ ಹಾಸಿದಳು. ಅಮ್ಮ ಚಾಪೆ ಎತ್ತಿಕೊಂಡು ಬಂದು ನಡುಮನೆಯಲ್ಲಿ ಹಾಸಿದಳು. ಸ್ನಾನ ಮಾಡಿ ಬಂದು ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದಳು.

ಪೂಜೆ ಮುಗಿಸಿ ತಮ್ಮನನ್ನು ಕರೆದು ತೀರ್ಥ ಕೊಡಹೋದಳು. ಮಾವ ಅವಳ ಸೊಂಟವನ್ನೇ ನೋಡುತ್ತ ನಿಂತಿದ್ದ.

“ಏನ್ಲಾ ನೋಡ್ತೀಯ? ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಊರಿಗೆಲ್ಲ ಹೇಳೋನು ನೀನು. ಮೊದ್ಲು ಅಕ್ಕ ಬದುಕವ್ಳಾ ನೋಡು. ಚೀಲ ಆಮೇಲೆ ನೋಡುವಂತೆ.”

ಮಾವ ತೀರ್ಥಕ್ಕೆ ಕೈಯೊಡ್ಡಿದ.