ಬೆರಳು ಹಿಡಿದ ಮೂವತ್ತೆಂಟು ರಾತ್ರಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸಿಲ್ವರ್ ಸ್ಪ್ರಿಂಗ್‌ನ ಕಚೇರಿಯೊಂದರ ನೆಲಮಹಡಿಯಲ್ಲಿ ಜಲಜಾಕ್ಷಿ ಕೋಟು ಕಳಚಿ, ಬಲಗೈ ಮಣಿಕಟ್ಟಿಗೆ ಪಟ್ಟಿ ಬಿಗಿದು, ಬೆರಳುಗಳ ನೆಟಿಕೆ ತೆಗೆಯುತ್ತಾರೆ. ಎಡಗಡೆಯ ಸ್ಟ್ಯಾಂಡಿನಲ್ಲಿ ನೂರಿಪ್ಪತ್ತು ವರ್ಷ ಹಳೆಯ ಲೆಡ್ಜರಿನ ನಕಲು ಹಾಳೆ. ಕಣ್ಣು ಹಾಳೆಯ ಮೇಲೆ, ಕೈ ಕೀಬೋರ್ಡಿನ ಅಂಕಿಗಳ ಮೇಲೆ. ಕೈಯ ಕಡೆ ಅವರು ತಿರುಗಿಯೂ ನೋಡುವುದಿಲ್ಲ.

"ನೋಡಿದ್ರೆ ತಪ್ತದೆ ಮಾರಾಯ್ರೆ. ಊಟ ಮಾಡುವಾಗ ಬಾಯಿ ಎಲ್ಲುಂಟು ಅಂತ ನೋಡ್ತೇವಾ?"

ಗಂಟೆಗೆ ಹನ್ನೊಂದು ಸಾವಿರ ಕೀಲಿ ಒತ್ತಬೇಕು. ಹತ್ತು ಸಾವಿರಕ್ಕೆ ಎರಡು ತಪ್ಪು ಮಾತ್ರ ಮಾಫಿ. ಮಂಗಳೂರಿನ ಹಂಪನಕಟ್ಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವರು, ಗಂಡ ಐತಪ್ಪನವರಿಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾದಾಗ ಬಂದರು. ಟೆಲಿಫೋನ್ ಬಿಲ್ಲು, ಇನ್ಶೂರೆನ್ಸ್ ಫಾರಂಗಳನ್ನೆಲ್ಲ ಕುಟ್ಟಿ ಮುಗಿಸಿ, ಎರಡು ವರ್ಷದಿಂದ ಆಕಾಶಕ್ಕೇ ಕೈ ಹಾಕಿದ್ದಾರೆ. ವರ್ಜೀನಿಯಾದ ಪ್ರೆಂಟಿಸ್ ವೀಕ್ಷಣಾಲಯದ ಹಳೆಯ ನಕ್ಷತ್ರ ಲೆಕ್ಕವೆಲ್ಲ ಈ ವರ್ಷ, ಅಂದರೆ ತೊಂಬತ್ತಾರರಲ್ಲಿ, ಸಿಡಿ ಆಗಿ ಹೊರಬರಬೇಕು. ನಕ್ಷತ್ರ, ಸಮಯ, ಕೊನೆಯ ಕಾಲಮಿನಲ್ಲಿ ನೋಡಿದವರ ಹೆಸರಿನ ಮೊದಲಕ್ಷರ.

ಜಗಳ ಇರುವುದು ಆ ಒಂದಕ್ಷರದ ಮೇಲೆ.

ಆಗ ದೂರದರ್ಶಕದೊಳಗೆ ಒಂದು ಸಣ್ಣ ತಂತಿ ಇರುತ್ತಿತ್ತು. ನಕ್ಷತ್ರ ಅದನ್ನು ದಾಟುವ ಕ್ಷಣವನ್ನು, ಗಡಿಯಾರದ ಟಿಕ್ ಟಿಕ್ ಕಿವಿಯಲ್ಲಿ ಎಣಿಸುತ್ತಾ, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಂದಾಜು ಮಾಡಬೇಕು. ಅಂದಾಜು ಅಂದ ಮೇಲೆ ಆಳಿಗೊಂದು ಚಾಳಿ. ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕರ್ನಲ್ ಪ್ರೆಂಟಿಸ್ ಸಾಹೇಬರ ಕೊನೆಯ ಅಂಕಿಗಳು ಸೊನ್ನೆಗೋ ಐದಕ್ಕೋ ಹೋಗಿ ಕೂರುತ್ತವೆ. ಅವರ ಸಹಾಯಕ ಎಲೈಜಾ ವಿಂಡಮ್‌ಗೆ ಮೂರು ಮತ್ತು ಏಳರ ಮೇಲೆ ಮೋಹ. ಲೆಡ್ಜರನ್ನು ಆಗಿನ ಗುಮಾಸ್ತನೊಬ್ಬ ನಕಲು ಮಾಡಿದ್ದರಿಂದ ಕೈಬರಹ ನೋಡಿ ಯಾರದೆಂದು ಹೇಳಲಾಗದು. ಜಲಜಾಕ್ಷಿಯವರ ಕೈ ಮಾತ್ರ ಹೇಳುತ್ತದೆ.

"ಕರ್ನಲ್ ಬಂದ್ರೆ ಸೊನ್ನೆ ಒತ್ತುವ ಹೆಬ್ಬೆರಳು, ಐದು ಒತ್ತುವ ನಡುಬೆರಳಿಗೆ ಕೆಲಸ. ವಿಂಡಮ್ ಬಂದ್ರೆ ಏಳಕ್ಕೆ ತೋರುಬೆರಳು, ಮೂರಕ್ಕೆ ಉಂಗುರದ ಬೆರಳು. ಸಂಜೆ ಉಂಗುರದ ಬೆರಳು ನೋಯ್ತಾ ಉಂಟಾ, ಇವತ್ತು ವಿಂಡಮ್ ಬಂದಿದ್ದ ಅಂತ ಲೆಕ್ಕ."

ಹೋದ ಅಕ್ಟೋಬರಿನಲ್ಲಿ, 1874ರ ಚಳಿಗಾಲದ ಹಾಳೆಗಳಲ್ಲಿ, ಮೂವತ್ತೆಂಟು ರಾತ್ರಿಗಳ ಮುಂದೆ ಇದ್ದ ಅಕ್ಷರ ಕರ್ನಲ್ ಸಾಹೇಬರದ್ದು. ನೋವು ಬಂದದ್ದು ಉಂಗುರದ ಬೆರಳಿಗೆ.

ಭ್ರಮೆ ಅಂದುಕೊಂಡರು. ಅದೇ ಹಾಳೆಗಳನ್ನು ಬೇರೆ ಕೋಣೆಯಲ್ಲಿ ಡೋರಿಸ್ ಎಂಬ ಅಟ್ಲಾಂಟಾ ಕಡೆಯ ಹಿರಿಯಾಕೆಯೂ ಕುಟ್ಟುತ್ತಾರೆ. ಇಬ್ಬರದೂ ಹೊಂದದಿದ್ದರೆ ಯಂತ್ರ ಕೂಗುತ್ತದೆ. ಒಂದು ದಿನ ಕಾಫಿ ಹೊತ್ತಿನಲ್ಲಿ ಡೋರಿಸ್ ಉಂಗುರದ ಬೆರಳನ್ನೇ ತಿಕ್ಕಿಕೊಳ್ಳುತ್ತಾ, "ಹನಿ, ಈ ಕರ್ನಲ್‌ಗೆ ಏನಾಗಿದೆ? ವಿಂಡಮ್ ಥರ ಆಡ್ತಾನೆ!" ಅಂದರು. ಜಲಜಾಕ್ಷಿ ಕಾಫಿ ಅರ್ಧಕ್ಕೇ ಬಿಟ್ಟು ಆ ಹಾಳೆಗಳನ್ನು ಮತ್ತೆ ತೆಗೆದರು.

ಆಮೇಲೆ ಸಿಕ್ಕಿದ್ದು ಲೆಡ್ಜರಿನ ಹಿಂಬದಿಗೆ ಅಂಟಿಸಿದ್ದ ಪತ್ರದ ನಕಲು. ಕರ್ನಲ್ ಬರೆದದ್ದು: ಶ್ರೀ ವಿಂಡಮ್ ಚಳಿಗಾಲದಲ್ಲಿ ಮೂವತ್ತೆಂಟು ರಾತ್ರಿ ಗೈರುಹಾಜರಾಗಿ, ಸೋಮಾರಿತನ ತೋರಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಅವೇ ತಾರೀಕುಗಳು! ಮಂಜಿನಲ್ಲಿ ನಿಂತು ಕಣ್ಣು ನೆಟ್ಟವನು ಒಬ್ಬ, ಬೆಚ್ಚಗೆ ಮಲಗಿ ಎದ್ದು ತನ್ನ ಹೆಸರು ಹಾಕಿಸಿಕೊಂಡವನು ಇನ್ನೊಬ್ಬ. ಸಾಲದ್ದಕ್ಕೆ, ನಿಂತವನಿಗೇ 'ನೀನು ಬರಲಿಲ್ಲ' ಎಂಬ ಸರ್ಟಿಫಿಕೇಟು. ಈಗ ಕಟ್ಟಡಕ್ಕೆ ಯಾರ ಹೆಸರು ಅಂತ ಬೇರೆ ಹೇಳಬೇಕೆ?

ವಿಂಡಮ್ ಸೌತ್ ಕ್ಯಾರೊಲೈನಾದ ಪುಟ್ಟ ಕಾಲೇಜೊಂದರಲ್ಲಿ ಗಣಿತದ ಪ್ರಾಧ್ಯಾಪಕನಾದ. ಮೂವತ್ತೊಂದು ವರ್ಷ ಬೀಜಗಣಿತ ಕಲಿಸಿದ. ಏಪೆಕ್ಸ್ ಎಂಬ ಊರಿನಲ್ಲಿರುವ ನಾದಿನಿ ನೀರಜಾ ಮನೆಗೆ ಹೋದಾಗ ಜಲಜಾಕ್ಷಿ ಅಲ್ಲಿಂದ ನಾಲ್ಕು ಗಂಟೆ ಡ್ರೈವ್ ಮಾಡಿಸಿ ಅವನ ಸಮಾಧಿ ನೋಡಿ ಬಂದರು. "ಜನ ಬೀಚಿಗೆ ಹೋಗ್ತಾರೆ, ನನ್ನ ಹೆಂಡ್ತಿ ಸ್ಮಶಾನಕ್ಕೆ," ಎಂದು ಐತಪ್ಪ ದಾರಿಯುದ್ದಕ್ಕೂ ಗೊಣಗಿದರಂತೆ. ಕಲ್ಲಿನ ಮೇಲೆ 'ಗಣಿತದ ಪ್ರಾಧ್ಯಾಪಕ' ಎಂದಷ್ಟೇ ಇದೆ. ಒಂದು ನಕ್ಷತ್ರದ ಗುರುತೂ ಇಲ್ಲ.

"ಕೆಟ್ಟ ಹೆಸರು ಹೊತ್ತುಕೊಂಡೇ ಮಕ್ಕಳಿಗೆ ಲೆಕ್ಕ ಕಲಿಸಿದ್ದಾನೆ. ಇವರು ಅದನ್ನೇ ಸಿಡಿಯಲ್ಲಿ ಹಾಕಿ ಪ್ರಪಂಚಕ್ಕೆಲ್ಲ ಹಂಚ್ತಾರಂತೆ. ನನ್ನ ಕೈಯಿಂದಲೇ! ಆಗ್ತದಾ?"

ಪ್ರಾಜೆಕ್ಟ್ ಮ್ಯಾನೇಜರ್ ತ್ಯಾಗರಾಜ ಮೈಸೂರಿನವರು, ಕೂಗಾಡುವವರಲ್ಲ. ಕನ್ನಡಕ ಹಣೆಗೇರಿಸಿ, ರಾಗವಾಗಿ, "ನೋಡೀ ಜಲಜಾಕ್ಷಿಯವ್ರೇ, ಕಂಡಿದ್ದನ್ನ ಎಂಟರ್ ಮಾಡೋದಷ್ಟೇ ನಮ್ ಜಾಬು. ಇಂಟರ್‌ಪ್ರಿಟ್ ಮಾಡೋಕೆ ಪಿಎಚ್‌ಡಿಗಳಿದ್ದಾರಲ್ವಾ? ಸ್ಕೆಜುಲ್ ಸ್ಲಿಪ್ ಆದ್ರೆ ಕ್ಲೈಂಟ್‌ಗೆ ನಾನ್ ಏನ್ ಹೇಳ್ಲಿ?" ಎಂದರು. ಇಪ್ಪತ್ತು ವರ್ಷ ಅಂಕಿಯಲ್ಲೇ ಬದುಕಿದ ಹೆಂಗಸಿಗೆ ಅಂಕಿ ಗೊತ್ತಿರಬಾರದು ಎಂಬ ಮಾತನ್ನು ಇಷ್ಟು ಮರ್ಯಾದೆಯಿಂದ ಹೇಳಲು ಮೈಸೂರಿನವರಿಗೇ ಸಾಧ್ಯ.

ಜಲಜಾಕ್ಷಿ ಅಕ್ಷರ ತಿದ್ದಲಿಲ್ಲ. ಅದು ಈ ಕಸುಬಿನಲ್ಲಿ ಮಹಾಪಾಪ. ಆದರೆ ಓದಲಾಗದ ಕಡೆ ಕುಟ್ಟುವವರು ಪ್ರಶ್ನೆ ಚಿಹ್ನೆ ಹಾಕಬಹುದು ಎಂಬ ನಿಯಮವಿದೆ. ಪ್ರತಿ ಚಿಹ್ನೆಗೂ ವೀಕ್ಷಣಾಲಯದವರು ಸಹಿ ಹಾಕಿ ಉತ್ತರ ಕೊಡಬೇಕು. ಇಲ್ಲವಾದರೆ ಚಿಹ್ನೆ ಹಾಗೇ ಸಿಡಿಗೆ ಹೋಗುತ್ತದೆ. ಮೂವತ್ತೆಂಟು ರಾತ್ರಿಗಳ ಎರಡು ಸಾವಿರದ ನೂರ ಅರವತ್ತಾರು ಸಾಲುಗಳ ಕೊನೆಗೆ ಅವರು ಚಿಹ್ನೆ ಹಾಕಿದರು. ಆ ದಿನ ಯಂತ್ರ ಒಂದು ಸಲವೂ ಕೂಗಲಿಲ್ಲ. ಆಚೆ ಕೋಣೆಯಲ್ಲಿ ಡೋರಿಸ್ ಕೂಡ ಅವೇ ಸಾಲುಗಳಿಗೆ ಹಾಕಿದ್ದರು.

"ಅಕ್ಷರ ಸ್ಪಷ್ಟವಾಗಿ ಕಾಣ್ತಿದೆಯಲ್ರೀ!" ಎಂದು ತ್ಯಾಗರಾಜರು ಮೊದಲ ಸಲ ದನಿ ಏರಿಸಿದರು.

"ಅಕ್ಷರ ಕಾಣ್ತದೆ ಸರ್, ಆಳು ಕಾಣುದಿಲ್ಲ."

ಪಟ್ಟಿ ವೀಕ್ಷಣಾಲಯಕ್ಕೆ ಹೋಯಿತು. 'ಟೈಪಿಸ್ಟರ ಅಭಿಪ್ರಾಯ ಆಧಾರವಲ್ಲ' ಎಂದು ಎರಡು ಸಾಲಿನ ಉತ್ತರ ಬಂತು, ಸಹಿಯಿಲ್ಲದೆ. ಸಹಿ ಬೇಕೆಂದು ತ್ಯಾಗರಾಜರೇ ವಾಪಸು ಕಳಿಸಿದರು. ನಿಯಮ ಅಂದರೆ ಅವರಿಗೂ ನಿಯಮವೇ. ಎರಡನೇ ಸಲ ಹೋಯಿತು, ಮೂರನೇ ಸಲವೂ ಹೋಯಿತು. ಆ ರಾತ್ರಿಗಳಲ್ಲಿ ನಕ್ಷತ್ರ ನೋಡಿದ್ದು ಕರ್ನಲ್ ಸಾಹೇಬರೇ ಎಂದು ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರೂ ಬರೆದುಕೊಟ್ಟಿಲ್ಲ. ಕೊನೆಯ ಗಡುವು ಮೊನ್ನೆ ಶುಕ್ರವಾರ ಮುಗಿಯಿತು.

ಸಿಡಿ ಪ್ರಶ್ನೆ ಚಿಹ್ನೆಗಳ ಸಮೇತ ಹೊರಬರುತ್ತಿದೆ. ಅದರಲ್ಲಿ ಜಲಜಾಕ್ಷಿಯವರ ಹೆಸರು ಎಲ್ಲೂ ಇಲ್ಲ. ಕೇಳಿದರೆ ನಕ್ಕುಬಿಡುತ್ತಾರೆ.

"ನನ್ನದೆಂತಕ್ಕೆ? ಒಂದು ಕಾಪಿ ವಿಂಡಮ್ ಕಲಿಸಿದ ಆ ಕಾಲೇಜಿನ ಲೈಬ್ರರಿಗೆ ಕೊಡ್ಲಿ, ಅಷ್ಟು ಸಾಕು. ಒಬ್ಬನನ್ನು ಸೋಮಾರಿ ಅಂತ ಬರೀಲಿಕ್ಕೆ ಆ ಕರ್ನಲ್ಲಿಗೆ ಎಷ್ಟು ಸುಲಭಕ್ಕೆ ಕೈ ಬಂತು ನೋಡಿ. ಈಗ ಒಂದು ಸಹಿ ಹಾಕ್ಲಿಕ್ಕೆ ಇವರಿಗೆ ಕೈ ಬರುದಿಲ್ಲ."

ಹತ್ತು ನಿಮಿಷದ ಬ್ರೇಕು ಮುಗಿದಿದೆ. ಮಣಿಕಟ್ಟಿನ ಪಟ್ಟಿ ಬಿಗಿದುಕೊಂಡು ಅವರು ಹೊಸ ಹಾಳೆ ತಿರುಗಿಸುತ್ತಾರೆ. ಹತ್ತು ಸಾಲಿನ ಅಂಕಿ ಕುಟ್ಟುತ್ತಾರೆ, ಆಮೇಲೆ ತುಂಬುವ ಕೊನೆಯ ಕಾಲಮಿನ ಕಡೆ ಇನ್ನೂ ಕಣ್ಣು ಹಾಯಿಸಿಲ್ಲ.

"ಇವತ್ತು ವಿಂಡಮ್ ಬಂದಿದ್ದಾನೆ."