ಹಾಲಿನೊಳಗಿನ ಇದ್ದಲು

ಮಾರಿಕಣಿವೆಯಲ್ಲಿ ಕಟ್ಟೆ ಕೆಲಸ ನಡೆಯುವಾಗ ಅಲ್ಲಿನ ಆಸ್ಪತ್ರೆಗೆ ಬರುವ ಹಾಲಿನ ಮಾದರಿ ತರಲು ನನ್ನನ್ನು ನೇಮಿಸಿದ್ದರು. ಮೊದಲ ಮಾದರಿ ಚೊಕ್ಕಟವಾಗಿ ತಂದರೆ ಮಾತ್ರ ಕೆಲಸ ಬಲ್ಲವನೆಂಬ ಸರ್ಟಿಫಿಕೇಟು ಎಂದಿದ್ದರು ಡಾಕ್ಟರು. ಹಾಲು ಕೊಡುವ ಗೌರಜ್ಜಿಯ ಮನೆಗೆ ಹೋದರೆ, ಚೆಂಬಿನ ಹಾಲಿನಲ್ಲಿ ಒಂದು ಇದ್ದಲು ತೇಲುತ್ತಿತ್ತು.

"ಏನಜ್ಜಿ ಇದು ಕಸ?"

"ಕಸ ಅಲ್ಲ ಸ್ವಾಮಿ, ದೃಷ್ಟಿಗೆ ಹಾಕಿದ್ದು. ತೆಗೆದ್ರೆ ನನ್ನೆಮ್ಮೆ ಬತ್ತಿ ಹೋಗ್ತೈತೆ."

"ಹಾಲಿನಲ್ಲಿ ಏನೂ ಬಿದ್ದಿರಬಾರದು ಅಂತ ಸರ್ಕಾರದ ಕಾನೂನು."

"ಎಮ್ಮೆ ಬತ್ತಿದ್ರೆ ಸರ್ಕಾರ ಹಾಲು ಕೊಡ್ತೈತೇನ್ರಿ?"

ನಾನು ಇದ್ದಲು ಎತ್ತಿ ಎಸೆದೆ, ಶೀಸೆ ತುಂಬಿ ಅರಗಿನ ಮುದ್ರೆ ಒತ್ತಿದೆ. ಅಜ್ಜಿ ಇದ್ದಲನ್ನು ಹೆಕ್ಕಿ ಸೆರಗಿಗೆ ಗಂಟು ಹಾಕಿಕೊಂಡಳು.

ಸರ್ಟಿಫಿಕೇಟು ಬಂತು, ನೆಮ್ಮದಿ ಹೋಯಿತು. ಎಮ್ಮೆ ನಿಜವಾಗಿಯೂ ಬತ್ತಿಬಿಟ್ಟರೆ? ಕೆಲಸವಿದ್ದರೂ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಅಜ್ಜಿಯ ಕೊಟ್ಟಿಗೆಗೆ ಹೋಗಿ ಇಣುಕತೊಡಗಿದೆ. ಎಂಟನೆಯ ದಿನ ಅಜ್ಜಿಗೇ ಕನಿಕರ ಹುಟ್ಟಿ, ಸೆರಗಿನ ಗಂಟು ಬಿಚ್ಚಿ ಇದ್ದಲನ್ನು ನನ್ನ ಕೈಗಿಟ್ಟಳು.

"ಎಮ್ಮೆಗೇನೂ ಆಗಿಲ್ಲ ಸ್ವಾಮಿ, ನೀವೇ ಸೊರಗೀರಿ. ಇಟ್ಕಳ್ರಿ."

ಸರ್ಟಿಫಿಕೇಟು ಎಲ್ಲೋ ಪೆಟ್ಟಿಗೆಯ ತಳದಲ್ಲಿದೆ. ಇದ್ದಲು ಮಾತ್ರ ಇವತ್ತಿಗೂ ಕೋಟಿನ ಜೇಬಿನಲ್ಲೇ ಇದೆ.