ಅತ್ತೆಯ ಬಾಯಿಗೆ ಬೇರೆಯವರ ದನಿ

ಕಬಡ್ಡಿಯಲ್ಲಿ ದಾಳಿಗೆ ಹೋದವನು ನಡುವೆ ಮಾತಾಡಿದರೆ ಔಟ್. ಉಸಿರು ಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು, ತಪ್ಪಿದರೆ ಸೀಟಿ. ಇಷ್ಟು ನಮ್ಮ ಇಳಕಲ್ಲಿನಲ್ಲಿ ಇನ್ನೂ ಶಾಲೆ ನೋಡದ ಕೂಸಿಗೂ ಗೊತ್ತು. ಆದರೆ ನಮ್ಮ ಓಣಿಯಲ್ಲೇ ಶೂಟಿಂಗ್ ಮಾಡಿದ ಆ ಸಿನಿಮಾದ ಹೀರೊ ಎದುರಿನವರ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ತಾಯಿಯ ಬಗ್ಗೆ, ಮಣ್ಣಿನ ಬಗ್ಗೆ, ನಾಡಿನ ಬಗ್ಗೆ ಭಾಷಣ ಬಿಗಿದ. ಎದುರಿನವರು ಅಷ್ಟೂ ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಹಿಡಿದು ಕೆಡವಲಿಕ್ಕೆ ಅವರಿಗೇನು ಧಾಡಿ ಬಂದಿತ್ತೋ!

ಅದೂ ಹೋಗಲಿ ಎಂದು ಬಿಡಬಹುದಿತ್ತು. ಆ ಸಿನಿಮಾ ನಮ್ಮ ಅತ್ತೆಗೆ ಮಾಡಿದ್ದನ್ನು ಮಾತ್ರ ನಾನು ಇವತ್ತಿಗೂ ಬಿಟ್ಟಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಗುಳೇದಗುಡ್ಡದ ಖಣ ತಂದು ಕುಪ್ಪಸ ಹೊಲಿದು ಕೊಡುತ್ತೇನೆ. ಹೊಲಿಗೆ ಮಶೀನಿನ ಎದುರಿಗೇ ಟಿ.ವಿ. ಇದೆ, ಕ್ರಿಕೆಟ್ ಇದ್ದ ದಿನ ಅದು ಬಂದ್ ಆಗುವುದಿಲ್ಲ. ಆಟ ನೋಡಬಹುದು, ಆದರೆ ಅದರ ವಿವರಣೆ ಕೇಳಲಿಕ್ಕಾಗುವುದಿಲ್ಲ. ಒಂದು ರನ್ ಓಡಿದರೂ ‘ಅಮೋಘ’. ಚೆಂಡು ಬಿಟ್ಟು ನಿಂತರೂ ‘ಅದ್ಭುತ’. ಕೊನೆಯ ಓವರಿನಲ್ಲಿ ಕಾಲಬುಡಕ್ಕೆ ಹಾಕಬೇಕಾದ ಚೆಂಡನ್ನು ಎದೆಯೆತ್ತರಕ್ಕೆ ಹಾಕಿ ಸಿಕ್ಸರ್ ತಿಂದವನಿಗೂ ‘ಒಳ್ಳೆಯ ಪ್ರಯತ್ನ’ ಎನ್ನುತ್ತಾರೆ. ಯಾವ ಸೀಮೆಯ ಪ್ರಯತ್ನವದು? ಅದಕ್ಕೇ ನಾನು ರಿಮೋಟಿನ ಬಟನ್ ಒತ್ತಿ ದನಿ ಕೊಂದು, ಹೊಲಿಯುತ್ತ ಹೊಲಿಯುತ್ತ ನನ್ನದೇ ವಿವರಣೆ ಕೊಡುತ್ತೇನೆ. ಬೈಗುಳವೂ ಅದರಲ್ಲೇ ಬರುತ್ತದೆ. ಆ ಬಟನ್ನಿನ ಮೇಲಿನ ಗುರುತು ಯಾವತ್ತೋ ಅಳಿಸಿಹೋಗಿದೆ.

ಪಡಸಾಲೆಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಕೂತ ಅತ್ತೆಗೆ ಇದೆಲ್ಲ ಕೇಳುತ್ತಿರುತ್ತದೆ.

“ಆ ಪೆಟಗಿ ಬಾಯಿ ಮುಚ್ಚಿಸಿ ನೀನ ಒದರ್ತೀಯಲ್ಲವಾ, ಅದಕ್ಕಿಂತ ಅದ ಚಲೋ ಇತ್ತು ಬಿಡು!”

ಹೀಗೆ ಹೇಳುವ ಅತ್ತೆಯ ದನಿಯೇನು ಸಣ್ಣದಲ್ಲ. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳವನ್ನು ಮೀರಿಸಿ ಮಾತಾಡಿದವರು. ಬಾಗಿಲ ಮುಂದೆ ಯಾರೇ ಹಾಯಲಿ, ಕಾಯಿಪಲ್ಲೆ ಮಾರುವವಳಾಗಲಿ, ಕರೆಂಟ್ ಮೀಟರ್ ನೋಡುವವನಾಗಲಿ, ಕುಣಿಯಲ್ಲಿ ಕೂತಲ್ಲಿಂದಲೇ “ಉಂಡು ಹೋಗು” ಎಂದು ಕೂಗುತ್ತಾರೆ. ಅವರಿಗೆ ಅದು ನಮಸ್ಕಾರ ಇದ್ದ ಹಾಗೆ.

ಸಿನಿಮಾದವರು ನೇಕಾರರ ಮನೆ ಬೇಕೆಂದು ನಮ್ಮ ಓಣಿಗೆ ಬಂದಾಗ ಈ ಕೂಗೇ ಅವರ ಕಿವಿಗೆ ಬಿತ್ತು. ಡೈರೆಕ್ಟರು ಭಾಳ ಖುಷಿಪಟ್ಟರು. ಕಬಡ್ಡಿ ಆಡಲು ಹೊರಟ ಹೀರೊ ಮಗ್ಗದ ಮುಂದೆ ಹಾಯುತ್ತಾನೆ, ನೀವು ನಿಮ್ಮ ಹಾಗೆಯೇ ಏನಾದರೂ ಹೇಳಿ ಎಂದರು. ಅತ್ತೆ ಲಾಳಿ ಕೈಯಲ್ಲಿ ಹಿಡಿದು, ಆ ಹುಡುಗನ ಮುಖ ನೋಡಿ, ಖರೇನೇ ಹಸಿದವನಿಗೆ ಹೇಳುವ ಹಾಗೆ ಹೇಳಿದರು.

“ಉಂಡು ಹೋಗೋ ತಮ್ಮಾ. ಆಟ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂದೆ ಸಿನಿಮಾ ಬರುವವರೆಗೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದು ಟಾಕೀಸಿಗೆ ಬಂದ ದಿನ ತಾವೇ ನೇಯ್ದ ದಾಳಿಂಬೆ ಬಣ್ಣದ ಸೀರೆ ಉಟ್ಟು, ಇಡೀ ಓಣಿಯನ್ನು ಹಿಂದೆ ಕಟ್ಟಿಕೊಂಡು ಹೋದರು.

ಪರದೆಯ ಮೇಲೆ ಅತ್ತೆಯ ಮುಖ ಬಂತು. ಬಾಯಿ ತೆರೆಯಿತು. ಅದರೊಳಗಿಂದ ಯಾರದೋ ಗೊಗ್ಗರು ದನಿ ಹೊರಟಿತು.

“ಲೇ ಮಗನಾ, ಉಂಡ ಹೋಗಲೇ! ಇಲ್ಲಂದ್ರ ರಟ್ಟಿ ಮುರೀತೇನಿ!”

ಟಾಕೀಸು ಬಿದ್ದು ಬಿದ್ದು ನಕ್ಕಿತು. ಬೇರೆ ಊರಿನವರು ನಕ್ಕಿದ್ದರೆ ಗೊತ್ತಿಲ್ಲದವರು ಎನ್ನಬಹುದಿತ್ತು. ನಕ್ಕವರು ನಮ್ಮ ಓಣಿಯವರೇ, ಅತ್ತೆಯ ಕೈಯಲ್ಲಿ ರೊಟ್ಟಿ ತಿಂದವರೇ! ಪರರ ಮಗನನ್ನು ಊಟಕ್ಕೆ ಕರೆಯುವಾಗ ರಟ್ಟೆ ಮುರಿಯುತ್ತೇನೆ ಎನ್ನುವ ಹೆಂಗಸನ್ನು ಇವರು ಎಲ್ಲಿ ನೋಡಿದ್ದರು? ಈ ಸಿನಿಮಾದವರಿಗೆ ನಮ್ಮ ಮಾತೆಂದರೆ ಒಂದೋ ಜಗಳ, ಇಲ್ಲವೋ ಹಾಸ್ಯ. ಕಥೆಯ ಪ್ರಕಾರ ಬಾಗಲಕೋಟೆಯಲ್ಲೇ ಹುಟ್ಟಿದ ಅದೇ ಹೀರೊ ಹೊಡೆದಾಟಕ್ಕೆ ನಿಂತಾಗ ನಮ್ಮ ಹಾಗೆ ಮಾತಾಡುತ್ತಾನೆ, ಬಾದಾಮಿಯ ಹೊಂಡದ ದಂಡೆಗೆ ಹುಡುಗಿಯನ್ನು ಕರೆದುಕೊಂಡು ಹೋದಾಗ ಬೆಂಗಳೂರಿನ ಕನ್ನಡಕ್ಕೆ ಹಾರುತ್ತಾನೆ. ನಾವು ಇಲ್ಲಿ ಪ್ರೀತಿ ಮಾಡುವುದೇ ಇಲ್ಲವೇನು? ಬರೀ ಬಡಿದಾಡಿಕೊಂಡೇ ಮಕ್ಕಳನ್ನು ಹೆತ್ತೆವೇನು?

ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತಾಡಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ.

“ಒಡಲ ನಂದು, ಸೆರಗ ಯಾರದೋ. ಕೊಂಡಿ ಕೂಡಿಲ್ಲವಾ” ಎಂದರು.

ಮರುದಿನದಿಂದ ಪಕ್ಕದ ಮನೆಯವನ ಹಾವಳಿ ಸುರುವಾಯಿತು. ಗ್ರಾನೈಟ್ ಪಾಲಿಶ್ ಮಾಡುವ ಕೆಲಸಗಾರ ಅವನು, ಕೆಟ್ಟವನಲ್ಲ, ಆದರೆ ನಾಲಿಗೆಗೆ ಲಗಾಮಿಲ್ಲ. ಕೆಲಸಕ್ಕೆ ಹೋಗುವಾಗ, ಬರುವಾಗ ನಮ್ಮ ಬಾಗಿಲಲ್ಲಿ ನಿಂತು ಆ ಗೊಗ್ಗರು ದನಿಯಲ್ಲಿ “ಉಂಡ ಹೋಗಲೇ ಮಗನಾ” ಎಂದು ಕೂಗಿ ನಗುತ್ತಿದ್ದ. ಓಣಿಯ ಉಳಿದವರೂ ಕಲಿತರು. ಅತ್ತೆ ಮೊದಮೊದಲು ನಕ್ಕಂತೆ ಮಾಡಿದರು. ಆಮೇಲೆ ಕೂಗುವುದನ್ನೇ ನಿಲ್ಲಿಸಿದರು. ಕಾಯಿಪಲ್ಲೆಯವಳು ಬಂದಳು, ಹೋದಳು. ಮೀಟರಿನವನು ಬಂದು ನೋಡಿ, ಯಾರೂ ಕರೆಯದೆ ಇದ್ದುದಕ್ಕೆ “ಅವ್ವಾರಿಗೆ ಆರಾಮಿಲ್ಲೇನ್ರಿ?” ಎಂದು ನನ್ನನ್ನು ಕೇಳಿದ. ನನ್ನ ಪಿತ್ತ ನೆತ್ತಿಗೇರಿತು. ಸೀದಾ ಪಕ್ಕದ ಮನೆಗೆ ಹೋದೆ.

“ನಾಚಿಕಿ ಬರೂದಿಲ್ಲೇನ್ರಿ ನಿಮಗ? ಆ ಬಾಯಿ ನಿಮಗ ಎಷ್ಟ ಸಲ ಉಣ್ಣಾಕ ಕರದೈತಿ!”

“ಚಾಷ್ಟಿ ಮಾಡಿದ್ನಿರಿ ಅಕ್ಕಾರ” ಎಂದ. ಮುಖ ಸಣ್ಣದಾಯಿತು. ಕೂಗುವುದನ್ನು ಬಿಟ್ಟ. ಆದರೆ ಅತ್ತೆಯ ಕೂಗು ತಿರುಗಿ ಬರಲಿಲ್ಲ.

ದೀಪಾವಳಿಯ ಮಧ್ಯಾಹ್ನ ಅದೇ ಸಿನಿಮಾ ಟಿ.ವಿ.ಯಲ್ಲಿ ಬಂತು. ಟಿ.ವಿ. ಬಂದ್ ಮಾಡಲು ನಾನು ಎದ್ದೆ. “ಇರ್ಲಿ ಬಿಡು” ಎಂದರು ಅತ್ತೆ. ಹಬ್ಬಕ್ಕೆ ಮಾತಾಡಿಸಲು ಬಂದಿದ್ದ ಓಣಿಯ ಹೆಂಗಸರು ಕೂತುಕೊಂಡರು. ಪಕ್ಕದ ಮನೆಯವನೂ ಹೊಸ್ತಿಲಲ್ಲಿ ತಡವರಿಸಿ, ಕೊನೆಗೆ ಗೋಡೆಗೆ ಆತು ನಿಂತ. ಪರದೆಯ ಮೇಲೆ ನಮ್ಮ ಓಣಿ ಕಂಡಿತು. ಅತ್ತೆ ನನ್ನ ಕಡೆ ಕೈ ಚಾಚಿದರು.

“ನೀ ದಿನಾ ಅದರ ಬಾಯಿ ಮುಚ್ಚಸ್ತೀಯಲ್ಲ, ಆ ಬಟನ್ ಯಾವುದೈತಿ ತೋರಸು.”

ಗುರುತು ಅಳಿಸಿದ ಬಟನ್ ತೋರಿಸಿದೆ. ಅತ್ತೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಟಿ.ವಿ.ಯ ದನಿ ಹೋಯಿತು. ಹೀರೊ ಮಗ್ಗದ ಮುಂದೆ ಬಂದ, ಪರದೆಯ ಅತ್ತೆ ಲಾಳಿ ಹಿಡಿದು ಬಾಯಿ ತೆರೆದರು. ನನ್ನ ಪಕ್ಕದಲ್ಲಿದ್ದ ಅತ್ತೆ, ಮಗ್ಗದ ಸಪ್ಪಳವನ್ನು ಮೀರಿಸುವ ತಮ್ಮ ದನಿಯಲ್ಲಿ ಹೇಳಿದರು.

“ಉಂಡು ಹೋಗೋ ತಮ್ಮಾ. ಆಟ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಹೀರೊ ಏನೋ ತುಟಿ ಆಡಿಸಿದ. ಅವನ ಉತ್ತರ ಯಾರಿಗೆ ಬೇಕಾಗಿತ್ತು? ಉತ್ತರ ಬಂದದ್ದು ಗೋಡೆಯ ಕಡೆಯಿಂದ.

“ಆತು ದೊಡ್ಡವ್ವಾ, ಉಂಡ ಹೋಗ್ತೇನಿ” ಎಂದ ಪಕ್ಕದ ಮನೆಯವನು. ನಗಲಿಲ್ಲ.

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ ನೋಡಿದರು. ರಿಮೋಟನ್ನು ನನ್ನ ಉಡಿಗೆ ಹಾಕಿ ಎದ್ದರು.

“ಹಂಗಾರ ಕೈ ತೊಳ್ಕೊ” ಎನ್ನುತ್ತ ಅಡುಗೆಮನೆಗೆ ಹೋದರು.